ಹಳೆಯ ಕಪ್ಪು-ಬಿಳುಪು ಸಿನಿಮಾಗಳಿಗೆ ಬಣ್ಣ ಹಚ್ಚಬೇಕೆ?

ಪರ: ಬಣ್ಣ ಬರಲಿ, ಜನ ಬರಲಿ

ನಮ್ಮ ಮನೆಗೆ ಬಂದ ಮೊದಲ ಟಿ.ವಿ. ಕಪ್ಪು-ಬಿಳುಪಿನದು. ದೂರದರ್ಶನ 1982ರಲ್ಲೇ ಬಣ್ಣಕ್ಕೆ ತಿರುಗಿತ್ತು. ಆದರೆ ನಮ್ಮ ಬೀದಿಯಲ್ಲಿ ಬಣ್ಣದ ಪೆಟ್ಟಿಗೆ ಇದ್ದದ್ದು ಒಂದೇ ಮನೆಯಲ್ಲಿ, ಅವರೂ ಕ್ರಿಕೆಟ್ ಇದ್ದ ದಿನ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಅಪ್ಪ ಒಂದು ಸಂಜೆ ಪೇಟೆಯಿಂದ ಸುರುಳಿ ಸುತ್ತಿದ ಪ್ಲಾಸ್ಟಿಕ್ ಹಾಳೆಯೊಂದನ್ನು ತಂದು ಪರದೆಯ ಮುಂದೆ ಸಿಕ್ಕಿಸಿದರು. ಮೇಲೆ ನೀಲಿ, ನಡುವೆ ಕಿತ್ತಳೆ, ಕೆಳಗೆ ಹಸಿರು. ಹೊಲ ಮತ್ತು ಆಕಾಶ ಒಟ್ಟಿಗೆ ಕಾಣುವ ದೃಶ್ಯ ಬಂದರೆ ನಮಗೆ ಹಬ್ಬ. ವಾರ್ತೆ ಓದುವವರು ಬಂದರೆ ಮಾತ್ರ ಹಣೆ ನೀಲಿ, ಗದ್ದ ಹಸಿರು. ಆದರೂ ಆ ಹಾಳೆಯನ್ನು ಎರಡು ವರ್ಷ ಯಾರೂ ಕಿತ್ತು ಹಾಕಲಿಲ್ಲ.

ಸಿನಿಮಾ ಬಲ್ಲ ಗೆಳೆಯರು ಹಳೆಯ ಚಿತ್ರಗಳಿಗೆ ಬಣ್ಣ ಹಚ್ಚುವುದನ್ನು ಮಹಾಪಾಪಗಳ ಪಟ್ಟಿಗೆ ಸೇರಿಸಿ ಮಾತಾಡುವಾಗಲೆಲ್ಲ ನನಗೆ ಆ ಹಾಳೆ ನೆನಪಾಗುತ್ತದೆ. ಬಣ್ಣದ ಆಸೆಯನ್ನು ಈಗಿನ ಮಕ್ಕಳ ಚಪಲ ಎಂದು ತಳ್ಳಿಹಾಕುವವರಿದ್ದಾರೆ. ಕಪ್ಪು-ಬಿಳುಪನ್ನೇ ಉಂಡು ಬೆಳೆದ ನಮಗೂ ಆ ಆಸೆ ಇತ್ತು. ನಮಗಿಂತ ಮೊದಲು, ಆ ಚಿತ್ರಗಳನ್ನು ತೆಗೆದವರಿಗೇ ಇತ್ತು.

'ಮೊಘಲ್-ಎ-ಆಜಮ್' ಚಿತ್ರವನ್ನೇ ನೋಡಿ. ಕೆ. ಆಸಿಫ್ ಅದನ್ನು ವರ್ಷಗಟ್ಟಲೆ ಕಪ್ಪು-ಬಿಳುಪಿನಲ್ಲಿ ತೆಗೆಯುತ್ತ ಕೂತಿದ್ದಾಗ ಬಣ್ಣದ ಫಿಲ್ಮ್ ಕೈಗೆಟುಕುವಷ್ಟು ಹತ್ತಿರ ಬಂತು. ಕನ್ನಡಿ ಮಹಲಿನ ಹಾಡನ್ನೂ ಕೊನೆಯ ಕೆಲವು ರೀಲುಗಳನ್ನೂ ಟೆಕ್ನಿಕಲರ್‌ನಲ್ಲಿ ತೆಗೆದರು. ತೆರೆಯ ಮೇಲೆ ಅದು ಮೂಡಿದ ರೀತಿ ನೋಡಿ, ಇಡೀ ಚಿತ್ರವನ್ನೇ ಮತ್ತೊಮ್ಮೆ ಬಣ್ಣದಲ್ಲಿ ತೆಗೆಯುತ್ತೇನೆ ಎಂದು ಹಟ ಹಿಡಿದರು. ಕಾದು ಕಾದು ಬೇಸತ್ತಿದ್ದ ವಿತರಕರು ಒಪ್ಪಲಿಲ್ಲ. 1960ರಲ್ಲಿ ಚಿತ್ರ ಬಿಡುಗಡೆಯಾದದ್ದು ಅರೆಬಣ್ಣದಲ್ಲಿ. 2004ರಲ್ಲಿ ಪೂರ್ತಿ ಬಣ್ಣ ಹಚ್ಚಿ ಬಿಟ್ಟಾಗ ನಿರ್ದೇಶಕರ ಆಶಯಕ್ಕೆ ದ್ರೋಹವಾಯಿತು ಎಂದು ಗೋಳಾಡುವುದು ಯಾವ ನ್ಯಾಯ?

ನಮ್ಮಲ್ಲಿಗೆ ಬರೋಣ. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ 'ಅಮರಶಿಲ್ಪಿ ಜಕಣಾಚಾರಿ' 1964ರಲ್ಲಿ ಬಂತು. ಅದನ್ನು ತೆಗೆದ ಬಿ.ಎಸ್. ರಂಗಾ ಸ್ವತಃ ಛಾಯಾಗ್ರಾಹಕರು. ಮರುವರ್ಷ ಬಂದ 'ಸತ್ಯ ಹರಿಶ್ಚಂದ್ರ' ಕಪ್ಪು-ಬಿಳುಪು. 1971ರ 'ಕಸ್ತೂರಿ ನಿವಾಸ'ವೂ ಕಪ್ಪು-ಬಿಳುಪು, ಆದರೆ 1972ರ 'ಬಂಗಾರದ ಮನುಷ್ಯ' ಬಣ್ಣದ್ದು. ಒಂದೇ ವರ್ಷದ ಅಂತರ, ನಾಯಕ ಅದೇ ರಾಜ್‌ಕುಮಾರ್. ಆ ಒಂದು ವರ್ಷದಲ್ಲಿ ಕನ್ನಡ ಚಿತ್ರರಂಗದ ಕಲಾದೃಷ್ಟಿಯೇ ಬದಲಾಗಿಬಿಟ್ಟಿತೆ? ಇಲ್ಲ, ಅಲ್ಲಿ ಬದಲಾದದ್ದು ದುಡ್ಡಿನ ಲೆಕ್ಕ. ಬಣ್ಣದ ಕಚ್ಚಾ ಫಿಲ್ಮ್ ಹೊರದೇಶದಿಂದ ಬರಬೇಕಿತ್ತು, ಅದಕ್ಕೆ ವಿದೇಶಿ ವಿನಿಮಯ ಬೇಕಿತ್ತು, ಪರವಾನಗಿ ಬೇಕಿತ್ತು. ಬಣ್ಣಕ್ಕೆ ದೀಪಗಳೂ ಹೆಚ್ಚು ಬೇಕು, ಲ್ಯಾಬ್ ಖರ್ಚೂ ಹೆಚ್ಚು. ಮಾರುಕಟ್ಟೆ ಚಿಕ್ಕದಿದ್ದ ಕನ್ನಡದ ನಿರ್ಮಾಪಕ ಜೇಬು ಮುಟ್ಟಿ ನೋಡಿಕೊಂಡು ಕಪ್ಪು-ಬಿಳುಪು ಎಂದ. ಆ ಬಡತನವನ್ನೇ ಇಂದು ನಾವು ಸೌಂದರ್ಯಪ್ರಜ್ಞೆ ಎಂದು ಕರೆದು ಮುಟ್ಟಬಾರದ ವಸ್ತುವಾಗಿ ಮಾಡಿ ಕೂರಿಸಿದ್ದೇವೆ.

ಬದುಕಿದ್ದು ಕಣ್ಣಾರೆ ನೋಡಿದವರೂ ಇದ್ದಾರೆ. 1961ರ 'ಹಮ್ ದೋನೋ' 2011ರಲ್ಲಿ ಬಣ್ಣದಲ್ಲಿ ಬಂದಾಗ ದೇವ್ ಆನಂದ್ ಅವರೇ ಮುಂದೆ ನಿಂತು ಬಿಡುಗಡೆ ಮಾಡಿದರು. ಇನ್ನೂ ಹಿಂದಕ್ಕೆ ಹೋದರೆ ಕಪ್ಪು-ಬಿಳುಪಿನ ಮಡಿಯೇ ಮುರಿದುಬೀಳುತ್ತದೆ. 1902ರಲ್ಲಿ ಫ್ರಾನ್ಸಿನ ಮೆಲಿಯೆಸ್ ತೆಗೆದ 'ಎ ಟ್ರಿಪ್ ಟು ದ ಮೂನ್' ಚಿತ್ರದ ಪ್ರತಿಗಳಿಗೆ ಪ್ಯಾರಿಸ್‌ನ ಕಾರ್ಖಾನೆಯೊಂದರಲ್ಲಿ ಹೆಂಗಸರು ಸಾಲಾಗಿ ಕೂತು ಸಣ್ಣ ಕುಂಚದಿಂದ ಚೌಕಟ್ಟು ಚೌಕಟ್ಟಿಗೂ ಬಣ್ಣ ತುಂಬುತ್ತಿದ್ದರು. ಅಂಥ ಒಂದು ಪ್ರತಿ 1993ರಲ್ಲಿ ಬಾರ್ಸಿಲೋನಾದಲ್ಲಿ ಸಿಕ್ಕಿ, ದುರಸ್ತಿಯಾಗಿ, 2011ರಲ್ಲಿ ಕಾನ್ ಉತ್ಸವದಲ್ಲಿ ತೆರೆಕಂಡಿತು. ಮೂಕಿ ಕಾಲದಲ್ಲಿ ರಾತ್ರಿಯ ದೃಶ್ಯವನ್ನು ನೀಲಿಯಲ್ಲಿ, ಬೆಂಕಿಯ ದೃಶ್ಯವನ್ನು ಕೆಂಪಿನಲ್ಲಿ ಅದ್ದಿ ತೆಗೆಯುವುದು ಮಾಮೂಲಿ ಕೆಲಸ. ಸಿನಿಮಾ ಹುಟ್ಟಿದಾಗಿನಿಂದ ಅದಕ್ಕೆ ಯಾರಾದರೂ ಬಣ್ಣ ಹಚ್ಚುತ್ತಲೇ ಬಂದಿದ್ದಾರೆ. ಕುಂಚ ಹೋಗಿ ಕಂಪ್ಯೂಟರ್ ಬಂದಿದೆ, ಅಷ್ಟೆ.

ಬಣ್ಣ ಹಚ್ಚುವುದೆಂದರೆ ಗೋಡೆಗೆ ಸುಣ್ಣ ಹೊಡೆದಂತೆ ಎಂದು ತಿಳಿದವರೇ ಹೆಚ್ಚು. ಕೆಲಸ ನಡೆಯುವುದು ಹಾಗಲ್ಲ. ಮೊದಲು ನೆಗೆಟಿವ್ ಅನ್ನು ಚೌಕಟ್ಟಿಗೊಂದರಂತೆ ಸ್ಕ್ಯಾನ್ ಮಾಡುತ್ತಾರೆ. ಧೂಳು, ಗೀರು, ಬೂಷ್ಟಿನ ಕಲೆ ತೆಗೆಯುತ್ತಾರೆ. ಆಮೇಲೆ ಒಂದೊಂದು ಶಾಟ್‌ನಲ್ಲೂ ಮುಖ, ಕೂದಲು, ಸೀರೆ, ಅಂಚು, ಹಿಂದಿನ ಗೋಡೆ ಎಂದು ಪ್ರತಿಯೊಂದರ ಹೊರಗೆರೆ ಎಳೆದು, ಅದು ಅಲುಗಾಡಿದಂತೆಲ್ಲ ಗೆರೆಯನ್ನೂ ಸರಿಸುತ್ತ ಹೋಗಬೇಕು. ಎರಡೂವರೆ ಗಂಟೆಯ ಚಿತ್ರದಲ್ಲಿ 2,16,000 ಚೌಕಟ್ಟುಗಳಿರುತ್ತವೆ. ಇಷ್ಟೆಲ್ಲ ಮಾಡಿದ ಮೇಲೂ ಕ್ಯಾಮೆರಾಮನ್ ಕೂರಿಸಿದ ಬೆಳಕು-ನೆರಳಿನ ಪ್ರಮಾಣ ಹಾಗೆಯೇ ಇರುತ್ತದೆ, ಬಣ್ಣ ಅದರ ಮೇಲೆ ತೆಳ್ಳಗೆ ಕೂರುತ್ತದೆ. ನಂಬಿಕೆ ಬಾರದಿದ್ದರೆ ಟಿ.ವಿ. ರಿಮೋಟ್ ತೆಗೆದುಕೊಂಡು ಬಣ್ಣವನ್ನು ಸೊನ್ನೆಗೆ ಇಳಿಸಿ ನೋಡಿ. ನಿಮ್ಮ ಹಳೆಯ ಚಿತ್ರ ಅಲ್ಲೇ ಕೂತಿರುತ್ತದೆ.

ನನ್ನ ದೊಡ್ಡ ಕಾರಣ ಬೇರೆಯೇ ಇದೆ. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' 1934ರಲ್ಲಿ ಬಂತು. ಅದರ ಒಂದು ಪ್ರತಿಯೂ ಇಂದು ನಮ್ಮ ಕೈಯಲ್ಲಿಲ್ಲ. ಆ ಕಾಲದ ನೈಟ್ರೇಟ್ ಫಿಲ್ಮ್ ಬೆಂಕಿಗೆ ಬಾಯಿ ತೆರೆದುಕೊಂಡೇ ಇರುವ ವಸ್ತು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ನೈಟ್ರೇಟ್ ಫಿಲ್ಮ್‌ಗಳು 2003ರ ಜನವರಿಯಲ್ಲಿ ಸುಟ್ಟು ಬೂದಿಯಾದವು. ಆಮೇಲಿನ ಅಸಿಟೇಟ್ ಫಿಲ್ಮ್ ಸುಡುವುದಿಲ್ಲ, ಕೊಳೆಯುತ್ತದೆ. ಡಬ್ಬ ತೆರೆದರೆ ವಿನೆಗರ್ ವಾಸನೆ ಮೂಗಿಗೆ ಹೊಡೆಯುತ್ತದೆ. ಓಟ ಮುಗಿದ ಪ್ರಿಂಟುಗಳನ್ನು ಬೆಳ್ಳಿ ತೆಗೆಯುವವರಿಗೆ ಕಿಲೋ ಲೆಕ್ಕದಲ್ಲಿ ಮಾರಿದ ಕತೆಗಳಂತೂ ಗಾಂಧಿನಗರದ ಯಾವ ಹಳಬರನ್ನು ಕೇಳಿದರೂ ಸಿಗುತ್ತವೆ. ಇಂಥ ಕಡೆ, ಉಗ್ರಾಣದ ಮೂಲೆಯಲ್ಲಿ ಬಿದ್ದ ನೆಗೆಟಿವ್ ಅನ್ನು ಹೊರತೆಗೆದು ತೊಳೆದು ಸ್ಕ್ಯಾನ್ ಮಾಡಿಸಲು ದುಡ್ಡು ಕೊಡುವವರು ಯಾರು? ಕಪ್ಪು-ಬಿಳುಪಿನಲ್ಲೇ ಶುದ್ಧವಾಗಿ ಉಳಿಸುತ್ತೇನೆ ಎಂದು ಹೋದರೆ ಚಹಾ ಕೊಟ್ಟು ಕಳಿಸುತ್ತಾರೆ. ಬಣ್ಣ ಹಚ್ಚಿ ಚಿತ್ರಮಂದಿರಕ್ಕೆ ತರುತ್ತೇನೆ ಎಂದರೆ ಕುರ್ಚಿ ಎಳೆದು ಕೂರಿಸುತ್ತಾರೆ. ಬಣ್ಣದ ಆಸೆಗೆ ಮೂಲವೂ ತೊಳೆದುಕೊಂಡು ಬರುವುದಾದರೆ ನನಗೆ ಅಷ್ಟೇ ಸಾಕು.

ಷರತ್ತುಗಳಿವೆ, ಒಪ್ಪುತ್ತೇನೆ. ಮೂಲ ಪ್ರತಿಯೂ ಜೊತೆಯಲ್ಲೇ ಸಿಗಬೇಕು. ಬಣ್ಣ ನಂತರ ಹಚ್ಚಿದ್ದೆಂದು ಮೊದಲ ಚೌಕಟ್ಟಿನಲ್ಲೇ ಹೇಳಬೇಕು. ಅಗ್ಗದ ಕೆಲಸ ಕೂಡದು.

2014ರ ನವೆಂಬರ್‌ನಲ್ಲಿ 'ಕಸ್ತೂರಿ ನಿವಾಸ' ಬಣ್ಣದಲ್ಲಿ ಬಂದಾಗ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಜೊತೆಗೆ ಹತ್ತನೇ ತರಗತಿಯಲ್ಲಿದ್ದ ಅಕ್ಕನ ಮಗಳು. ಅವಳು ಅದುವರೆಗೆ ಒಂದೇ ಒಂದು ಕಪ್ಪು-ಬಿಳುಪು ಚಿತ್ರವನ್ನೂ ಹತ್ತು ನಿಮಿಷಕ್ಕಿಂತ ಹೆಚ್ಚು ನೋಡಿದವಳಲ್ಲ. ಅಮ್ಮ ಮೊದಲ ಅರ್ಧ ಗಂಟೆ ಕತೆಯನ್ನೇ ನೋಡಲಿಲ್ಲ, ಬರೀ ಬಟ್ಟೆ ನೋಡಿದರು. "ಈ ಕೋಟು ಇಂಥ ಬಣ್ಣದ್ದು ಎಂದು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ ನೋಡು" ಎಂದು ಕಿವಿಯಲ್ಲಿ ಹೇಳಿದರು. ಕೊನೆಯಲ್ಲಿ ಪಾರಿವಾಳದ ಸಂಗತಿ ಬಂದಾಗ ಆ ಹುಡುಗಿ ನನ್ನ ತೋಳು ಹಿಡಿದುಕೊಂಡು ಬಿಕ್ಕಿದಳು. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಸೀಟುತ್ತಿದ್ದರು. ವಾರ ಕಳೆದ ಮೇಲೆ ಅವಳೇ ಫೋನ್ ಮಾಡಿ, "ಮಾಮ, ಆ ಡೈರೆಕ್ಟರ್‌ಗಳದು ಇನ್ಯಾವ ಸಿನಿಮಾ ಇದೆ? ಕಪ್ಪು-ಬಿಳುಪಾದರೂ ಪರವಾಗಿಲ್ಲ" ಎಂದಳು.

ವಿರೋಧ: ಬೂದು ಕೂಡ ಬಣ್ಣವೇ

"ಈ ಕೋಟು ಇಂಥ ಬಣ್ಣದ್ದು ಎಂದು ನನಗೆ ಗೊತ್ತೇ ಇರಲಿಲ್ಲ" ಎಂದರಂತೆ ಆ ತಾಯಿ. ಅಮ್ಮ, ನಿಮಗೆ ಈಗಲೂ ಗೊತ್ತಿಲ್ಲ. ಬೂದು ಛಾಯೆಯನ್ನು ಹಿಡಿದುಕೊಂಡು ಹಿಂದಕ್ಕೆ ಹೋಗಿ ಮೂಲ ಬಣ್ಣವನ್ನು ಕಂಡುಹಿಡಿಯುವ ದಾರಿಯೇ ಇಲ್ಲ. ಕೆಂಪು ಸೀರೆ ಮತ್ತು ಹಸಿರು ಹುಲ್ಲು ಎರಡೂ ಫಿಲ್ಮ್ ಮೇಲೆ ಒಂದೇ ಬೂದಾಗಿ ಬೀಳಬಹುದು. ಬಣ್ಣದ ಮಾಹಿತಿ ಮಾಸಿಹೋಗಿದ್ದರೆ ತಿಕ್ಕಿ ತೆಗೆಯಬಹುದಿತ್ತು, ಅದು ಅಲ್ಲಿ ದಾಖಲಾಗಿಯೇ ಇಲ್ಲ. ಆದ್ದರಿಂದ ತೆರೆಯ ಮೇಲೆ ಕಂಡ ಕೋಟಿನ ಬಣ್ಣ ಕಂಪ್ಯೂಟರ್ ಮುಂದೆ ಕೂತ ಯಾರದೋ ಊಹೆ.

ಊಹೆ ಹೇಗೆ ನಿಜವಾಗಿಬಿಡುತ್ತದೆ ಎಂಬುದನ್ನು ನಮ್ಮ ಮನೆಯಲ್ಲೇ ಕಂಡೆ. ನಡುಮನೆಯಲ್ಲಿ ಅಜ್ಜಿಯ ಮದುವೆಯ ಫೋಟೋ ಇತ್ತು. ಚಿಕ್ಕಪ್ಪನ ಮಗ ಅದನ್ನು ಮೊಬೈಲ್‌ನ ಯಾವುದೋ ಆ್ಯಪ್‌ಗೆ ಹಾಕಿ ಬಣ್ಣ ಬರಿಸಿದ. ಸೀರೆ ನೇರಳೆಯಾಯಿತು. ಮನೆಯವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಹೊಗಳಿಕೆಯೋ ಹೊಗಳಿಕೆ. ಅತ್ತೆಯೊಬ್ಬರು ಮಾತಾಡದೆ ಒಳಗೆ ಹೋಗಿ ಕಬ್ಬಿಣದ ಪೆಟ್ಟಿಗೆ ತೆರೆದು, ನುಸಿಗುಳಿಗೆಯ ವಾಸನೆ ಹೊಡೆಯುತ್ತಿದ್ದ ಸೀರೆಯನ್ನೇ ತಂದು ಹಾಸಿದರು. ಗಿಣಿಹಸಿರು ಒಡಲು, ಮಡಿಕೆಗಳಲ್ಲಿ ಸೀಳಿಹೋದ ಕೆಂಪು ಅಂಚು. ಎಲ್ಲರೂ ನೋಡಿದರು, ಅಯ್ಯೋ ಎಂದರು. ಆದರೆ ಈಗ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿರುವುದು ನೇರಳೆ ಸೀರೆಯ ಅಜ್ಜಿಯನ್ನೇ. ಮೊಮ್ಮಕ್ಕಳಿಗೆ ಇನ್ನು ಮುಂದೆ ಅವರೇ ಅಜ್ಜಿ.

ನಾನು ಛಾಯಾಗ್ರಹಣ ಕಲಿತದ್ದು ಫಿಲ್ಮ್ ಕ್ಯಾಮೆರಾದ ಕೊನೆಯ ದಿನಗಳಲ್ಲಿ. ಹಳಬರ ಕೈಕೆಳಗೆ ಸಹಾಯಕನಾಗಿದ್ದಾಗ ಕೇಳಿದ ಒಂದು ಸಂಗತಿ ಈ ವಾದಕ್ಕೆ ನೇರವಾಗಿ ಬೇಕು. ಕಪ್ಪು-ಬಿಳುಪಿನಲ್ಲಿ ಅಚ್ಚ ಬಿಳಿ ಬಟ್ಟೆ ದೀಪಕ್ಕೆ ಎದುರಾದರೆ ಕಣ್ಣು ಕುಕ್ಕುತ್ತದೆ, ನೂಲು ನೆರಿಗೆ ಯಾವುದೂ ಕಾಣದೆ ಸುಣ್ಣದ ಮುದ್ದೆಯಾಗುತ್ತದೆ. ಅದಕ್ಕೇ ಪಂಚೆ, ಅಂಗಿ, ವಿಧವೆಯ ಸೀರೆಗಳನ್ನು ಚಹಾ ಡಿಕಾಕ್ಷನ್‌ನಲ್ಲಿ ಅದ್ದಿ ಮಂಕು ಮಾಡುತ್ತಿದ್ದರು, ಇಲ್ಲವೇ ತೆಳು ನೀಲಿಯದನ್ನು ಉಡಿಸುತ್ತಿದ್ದರು. ತೆರೆಯ ಮೇಲೆ ಅದು ಮಲ್ಲಿಗೆಯಂಥ ಬಿಳಿ. ಈಗ ಬಣ್ಣ ಹಚ್ಚುವವರು ಏನು ಮಾಡಬೇಕು? ಸೆಟ್ಟಿನಲ್ಲಿ ನಿಜವಾಗಿ ಇದ್ದ ಚಹಾ ಬಣ್ಣ ಹಚ್ಚಬೇಕೋ, ನೋಡುವವರು ಬಿಳಿ ಎಂದುಕೊಳ್ಳಲಿ ಎಂದು ಮಾಡಿದ್ದರಿಂದ ಬಿಳಿಯನ್ನೇ ಉಳಿಸಬೇಕೋ? ಎರಡೂ ಸುಳ್ಳೇ. ಆಕಾಶದ ಕತೆಯೂ ಇದೇ. ಲೆನ್ಸ್ ಮುಂದೆ ಹಳದಿ ಫಿಲ್ಟರ್ ಇಟ್ಟರೆ ನೀಲಿ ಆಕಾಶ ಸ್ವಲ್ಪ ಕಪ್ಪಾಗಿ ಮೋಡ ಎದ್ದು ಕಾಣುತ್ತದೆ, ಕೆಂಪು ಇಟ್ಟರೆ ಹಗಲೇ ಬಿರುಗಾಳಿಗೆ ಮೊದಲಿನ ಕತ್ತಲು ಬಂದಂತಾಗುತ್ತದೆ. ಆ ಕತ್ತಲು ಯಾವ ಊರಿನ ಆಕಾಶದಲ್ಲೂ ಇಲ್ಲದ್ದು. ಅದಕ್ಕೆ ಯಾವ ನೀಲಿ ಹಚ್ಚುತ್ತೀರಿ?

ಹಚ್ಚಿದ ಮೇಲೂ ಬೆಳಕು-ನೆರಳು ಹಾಗೇ ಇರುತ್ತದೆ ಎಂಬ ವಾದ ಲೆಕ್ಕದಲ್ಲಿ ಸರಿ, ಕಣ್ಣಿನಲ್ಲಿ ತಪ್ಪು. ಬಣ್ಣವಿಲ್ಲದ ಕಡೆ ಮನುಷ್ಯನನ್ನು ಹಿಂದಿನ ಗೋಡೆಯಿಂದ ಬಿಡಿಸಿ ತೋರಿಸಲು ಕ್ಯಾಮೆರಾಮನ್‌ಗೆ ಇದ್ದದ್ದು ಬೆಳಕೊಂದೇ. ಅದಕ್ಕಾಗಿ ನಟನ ಬೆನ್ನ ಹಿಂದೆ ಎತ್ತರದಲ್ಲಿ ಒಂದು ದೀಪ ಇಟ್ಟು ಕೂದಲಿಗೆ, ಭುಜಕ್ಕೆ ಬೆಳ್ಳಿಯ ಗೆರೆ ಎಳೆಯುತ್ತಿದ್ದರು. ಬಣ್ಣದ ಚಿತ್ರ ಬಂದಾಗ ಈ ಹಿಂಬೆಳಕು ತಾನಾಗಿ ತಗ್ಗಿತು, ಏಕೆಂದರೆ ಹಸಿರು ಗೋಡೆಯ ಮುಂದೆ ಕೆಂಪು ಸೀರೆ ತಾನೇ ಬಿಡಿಸಿಕೊಂಡು ನಿಲ್ಲುತ್ತದೆ. ಕಪ್ಪು-ಬಿಳುಪಿಗಾಗಿ ಕೂರಿಸಿದ ಹಿಂಬೆಳಕಿನ ಮೇಲೆ ಬಣ್ಣವನ್ನೂ ಹಚ್ಚಿದರೆ ಎರಡು ಪಟ್ಟು ಬಿಡಿಸಿದಂತಾಗಿ, ನಾಯಕ ಕ್ಯಾಲೆಂಡರಿನಿಂದ ಕತ್ತರಿಸಿ ಅಂಟಿಸಿದವನಂತೆ ಕಾಣುತ್ತಾನೆ. ಬಣ್ಣ ಹಚ್ಚಿದ ಚಿತ್ರಗಳಲ್ಲಿ ಏನೋ ಸರಿಯಿಲ್ಲ ಎಂದು ಎಲ್ಲರಿಗೂ ಅನ್ನಿಸುತ್ತದೆ, ಏನೆಂದು ಹೇಳಲು ಬರುವುದಿಲ್ಲ. ಬಹುಪಾಲು ಇದೇ.

ಇನ್ನು ವಿ.ಕೆ. ಮೂರ್ತಿಯವರ ವಿಷಯ. ಮೈಸೂರಿನವರು, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕಲಿತು ಮುಂಬಯಿಗೆ ಹೋಗಿ ಗುರುದತ್ತರ ಕಣ್ಣಾದವರು. 1959ರ 'ಕಾಗಜ್ ಕೆ ಫೂಲ್'ನಲ್ಲಿ ಖಾಲಿ ಸ್ಟುಡಿಯೊದ ದೃಶ್ಯವೊಂದಿದೆ. ಗುರುದತ್ತರಿಗೆ ಮೇಲಿನಿಂದ ಬಿಸಿಲಿನ ಕೋಲು ಇಳಿಯಬೇಕಿತ್ತು. ಸ್ಟುಡಿಯೊ ದೀಪಗಳ ಬೆಳಕು ಹರಡಿಕೊಳ್ಳುತ್ತದೆ, ಸೂರ್ಯನದರಂತೆ ನೇರವಾಗಿ ಇಳಿಯುವುದಿಲ್ಲ. ಮೂರ್ತಿಯವರು ಎರಡು ದೊಡ್ಡ ಕನ್ನಡಿ ತರಿಸಿದರು. ಒಂದು ಹೊರಗಿನ ಬಿಸಿಲನ್ನು ಹಿಡಿದು ಒಳಗೆ ಎಸೆಯಬೇಕು, ಇನ್ನೊಂದು ಅದನ್ನು ತಿರುಗಿಸಿ ನೆಲಕ್ಕೆ ಇಳಿಸಬೇಕು. ಹಾಗೆ ಇಳಿದ ಬೆಳಕಿನಲ್ಲಿ ಧೂಳಿನ ಕಣಗಳು ತೇಲುತ್ತವೆ, ಇಬ್ಬರು ಅದರ ಎರಡು ಬದಿಯ ಕತ್ತಲೆಯಲ್ಲಿ ನಿಂತಿರುತ್ತಾರೆ. ಆ ಕೋಲಿಗೆ ಹಳದಿ ಹಚ್ಚಿದಿರೋ, ಅದು ಬೆಳಗಿನ ಒಂಬತ್ತು ಗಂಟೆಯ ಬಿಸಿಲಾಗುತ್ತದೆ. ಈಗ ಅದಕ್ಕೆ ಗಂಟೆಯಿಲ್ಲ, ಋತುವಿಲ್ಲ. ಛಾಯಾಗ್ರಾಹಕರಿಗೂ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಕೊಡಬಹುದು ಎಂದು ದೇಶಕ್ಕೆ ಹೊಳೆದದ್ದು 2008ರ ಸಾಲಿನಲ್ಲಿ, ಮೂರ್ತಿಯವರಿಂದಲೇ. ಅವರು ಬೆಂಗಳೂರಿನಲ್ಲಿ ತೀರಿಕೊಂಡದ್ದು 2014ರ ಏಪ್ರಿಲ್‌ನಲ್ಲಿ. 'ಕಸ್ತೂರಿ ನಿವಾಸ' ಬಣ್ಣ ಬಳಿದುಕೊಂಡು ಬಂದದ್ದೂ ಅದೇ ವರ್ಷ.

ಕಪ್ಪು-ಬಿಳುಪು ಬಡತನದ ಫಲ ಎನ್ನುವವರು ಜಪಾನಿನ ನಿರ್ದೇಶಕ ಕುರೊಸಾವಾರ 'ರಾಶೋಮನ್' ನೋಡಬೇಕು. ಪಾಳುಬಿದ್ದ ಹೆಬ್ಬಾಗಿಲ ಮುಂದೆ ಸುರಿಯುವ ಮಳೆ ಬೂದು ಆಕಾಶದ ಎದುರು ಕಾಣದೆ ಹೋದೀತೆಂದು ನೀರಿಗೆ ಕಪ್ಪು ಶಾಯಿ ಬೆರೆಸಿ ಸುರಿಸಿದರು. 'ಸೈಕೋ'ದ ಸ್ನಾನದ ಮನೆಯಲ್ಲಿ ಹರಿದ ರಕ್ತ ಚಾಕೊಲೇಟ್ ಸಿರಪ್. ಆ ಮಳೆಗೆ ಮಳೆಯ ಬಣ್ಣ, ಆ ಸಿರಪ್‌ಗೆ ರಕ್ತದ ಬಣ್ಣ ಹಚ್ಚುವುದನ್ನು ದುರಸ್ತಿ ಎಂದು ಕರೆಯಲು ನನಗಂತೂ ಬಾಯಿ ಬರುವುದಿಲ್ಲ. 'ಮಾಯಾಬಜಾರ್'ನ ದೋಣಿ ಹಾಡಿನ ಬೆಳದಿಂಗಳು ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲಿ ಅವರ ಕೈಯಿಂದ ಬಂದದ್ದು, ಆಕಾಶದಿಂದ ಬಂದದ್ದಲ್ಲ. 2010ರಲ್ಲಿ ಅದಕ್ಕೂ ಬಣ್ಣ ಬಂತು.

ಆಸಿಫ್ ಬಣ್ಣ ಬಯಸಿದ್ದರು ಎಂಬುದು ನಿಜ, ಅಲ್ಲಗಳೆಯುವುದಿಲ್ಲ. ಆದರೆ ಅವರು ಬಯಸಿದ್ದು ಮತ್ತೆ ಚಿತ್ರೀಕರಿಸಲು. ಬಣ್ಣಕ್ಕೆ ತಕ್ಕ ಬಟ್ಟೆ ಆರಿಸಿ, ಬಣ್ಣಕ್ಕೆ ತಕ್ಕ ದೀಪ ಹಚ್ಚಿಸಿ, ಛಾಯಾಗ್ರಾಹಕ ಆರ್.ಡಿ. ಮಾಥುರ್ ಜೊತೆ ಕೂತು ಕಂಡು ತೀರ್ಮಾನಿಸಲು. ಕನ್ನಡಿ ಮಹಲಿನ ಹಾಡನ್ನೂ ಅದರ ಹಿಂದುಮುಂದಿನ ಬಣ್ಣ ಹಚ್ಚಿದ ದೃಶ್ಯಗಳನ್ನೂ ಒಟ್ಟಿಗೆ ನೋಡಿ, ಯಾವುದು ಕ್ಯಾಮೆರಾ ಕಂಡ ಬಣ್ಣ, ಯಾವುದು ಮೆತ್ತಿದ್ದು ಎಂದು ಮಗುವೂ ಹೇಳುತ್ತದೆ. ಮೇಲಾಗಿ, ಕಪ್ಪು-ಬಿಳುಪಿನಿಂದ ಆ ಚಿತ್ರ ಬಣ್ಣಕ್ಕೆ ಹೊರಳುವ ಆ ಒಂದು ಕ್ಷಣಕ್ಕಾಗಿ 1960ರಲ್ಲಿ ಜನ ಉಸಿರು ಹಿಡಿದು ಕಾದಿದ್ದರು. ಎಲ್ಲವೂ ಬಣ್ಣವಾದ ಮೇಲೆ ಆ ಹೊರಳುವಿಕೆಯೇ ಇಲ್ಲ. ದೇವ್ ಆನಂದ್ ತಮ್ಮ ಚಿತ್ರಕ್ಕೆ ತಾವೇ ಒಪ್ಪಿದರು, ಸರಿ. 2020ರಲ್ಲಿ ಕೊರಿಯಾದ 'ಪ್ಯಾರಸೈಟ್' ನಿರ್ದೇಶಕರು ತಮ್ಮ ಬಣ್ಣದ ಚಿತ್ರದ ಕಪ್ಪು-ಬಿಳುಪು ಆವೃತ್ತಿಯನ್ನು ತಾವೇ ಬಿಟ್ಟರು. ಅದಕ್ಕೂ ನನ್ನ ತಕರಾರಿಲ್ಲ. ಮನೆ ಕಟ್ಟಿದವನೇ ಗೋಡೆ ಒಡೆದರೆ ನಾವು ಕೇಳುವುದೇನಿದೆ?

ಬಣ್ಣವಿಲ್ಲದೆ ದುಡ್ಡು ಹುಟ್ಟುವುದಿಲ್ಲ ಎಂಬ ಮಾತಿಗೆ ಉತ್ತರ ಕನ್ನಡದಲ್ಲೇ ಇದೆ. 1977ರ 'ಘಟಶ್ರಾದ್ಧ'ವನ್ನು ಛಾಯಾಗ್ರಾಹಕ ಎಸ್. ರಾಮಚಂದ್ರ ಕಪ್ಪು-ಬಿಳುಪಿನಲ್ಲಿ ಸೆರೆಹಿಡಿದರು. ಆ ಹೊತ್ತಿಗೆ ಬಣ್ಣ ಎಲ್ಲೆಲ್ಲೂ ಇತ್ತು. ಅಗ್ರಹಾರದ ಕತ್ತಲ ಒಳಕೋಣೆಗಳು, ಹೊರಗಿನ ಕಾಡು, ಬೋಳಿಸಿದ ತಲೆ, ಎಲ್ಲವೂ ಬೂದಿನ ಹತ್ತಾರು ಮೆಟ್ಟಿಲುಗಳಲ್ಲಿ ಕೂತಿವೆ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಅದನ್ನು ದುರಸ್ತಿ ಮಾಡಿಸಿದವು, 2024ರಲ್ಲಿ ವೆನಿಸ್ ಉತ್ಸವದಲ್ಲಿ ಅದು ತೆರೆಕಂಡಿತು. ಒಂದು ಚುಕ್ಕೆ ಬಣ್ಣ ಹಚ್ಚಲಿಲ್ಲ. ಇಂಥ ಹಣ ಎಲ್ಲ ಚಿತ್ರಗಳಿಗೂ ಸಿಗುವುದಿಲ್ಲ, ಗೊತ್ತು. ಬಣ್ಣದ ಹಣವೂ ಎಲ್ಲ ಚಿತ್ರಗಳಿಗೆ ಸಿಗುತ್ತಿಲ್ಲ. ರಾಜ್‌ಕುಮಾರ್ ಇರುವ 'ಸತ್ಯ ಹರಿಶ್ಚಂದ್ರ', 'ಕಸ್ತೂರಿ ನಿವಾಸ' ಎರಡಕ್ಕೆ ಸಿಕ್ಕಿತು.

ರಿಮೋಟ್‌ನಲ್ಲಿ ಬಣ್ಣ ಇಳಿಸಿದರೆ ಹಳೆಯ ಚಿತ್ರ ಅಲ್ಲೇ ಇರುತ್ತದೆ ಎಂದರಲ್ಲ, ಅದೂ ಪೂರ್ತಿ ನಿಜವಲ್ಲ. ಬಣ್ಣದ ಜೊತೆ ಸಿನಿಮಾಸ್ಕೋಪ್ ಎಂಬ ಇನ್ನೊಂದು ಉಪಚಾರವೂ ನಡೆಯುತ್ತದೆ. 'ಕಸ್ತೂರಿ ನಿವಾಸ'ಕ್ಕೂ ಆಯಿತು. ಹಳೆಯ ಚೌಕಟ್ಟಿನ ಅಗಲ ಎತ್ತರಕ್ಕಿಂತ ಮೂರನೆಯ ಒಂದು ಪಾಲು ಮಾತ್ರ ಹೆಚ್ಚು, ಸ್ಕೋಪ್‌ನದು ಎರಡೂಕಾಲು ಪಟ್ಟಿಗೂ ಮೀರಿದ್ದು. ಅಗಲ ಹಿಗ್ಗಿಸಲು ಚಿತ್ರವನ್ನು ದೊಡ್ಡದು ಮಾಡಿ ಮೇಲೆ ಕೆಳಗೆ ಕತ್ತರಿಸಿದರೆ ನೂರಕ್ಕೆ ನಲವತ್ತು ಪಾಲಿಗೂ ಹೆಚ್ಚು ಚಿತ್ರ ಹೊರಗೆ ಹೋಗುತ್ತದೆ. ಕಿರೀಟ ಹೋಯಿತು, ಕಾಲ ಬುಡದಲ್ಲಿ ಕೂತವರು ಹೋದರು. ಯಾವ ರಿಮೋಟ್ ಅವರನ್ನು ಕರೆತರುತ್ತದೆ?

ಕೇಳುವ ಹಕ್ಕೂ ನಮ್ಮಲ್ಲಿ ಯಾರಿಗೂ ಇಲ್ಲ. ಹಾಲಿವುಡ್ ನಿರ್ದೇಶಕ ಜಾನ್ ಹ್ಯೂಸ್ಟನ್ ಅವರ 'ದ ಆಸ್ಫಾಲ್ಟ್ ಜಂಗಲ್'ಗೆ ಟೆಡ್ ಟರ್ನರ್ ಕಂಪನಿ ಬಣ್ಣ ಹಚ್ಚಿಸಿದಾಗ ಹ್ಯೂಸ್ಟನ್ ಮಕ್ಕಳು ಫ್ರಾನ್ಸ್‌ನಲ್ಲಿ ಮೊಕದ್ದಮೆ ಹೂಡಿದರು, 1991ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅವರ ಪರ ನಿಂತಿತು. 'ಸಿಟಿಜನ್ ಕೇನ್'ಗೂ ಬಣ್ಣ ಹಚ್ಚಲು ಹೊರಟಿದ್ದ ಟರ್ನರ್ 1989ರಲ್ಲಿ ಕೈಬಿಡಬೇಕಾಯಿತು, ಅದರ ನಿರ್ದೇಶಕ ಆರ್ಸನ್ ವೆಲ್ಸ್ ಬರೆಸಿಕೊಂಡಿದ್ದ ಕರಾರು ಅಷ್ಟು ಗಟ್ಟಿಯಾಗಿತ್ತು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಸಿನಿಮಾದ ಕರ್ತೃ ಎಂದರೆ ನಿರ್ಮಾಪಕ. ನಿರ್ದೇಶಕ ಅಲ್ಲ, ಕನ್ನಡಿ ಹಿಡಿದು ಬಿಸಿಲು ಇಳಿಸಿದವನಂತೂ ಅಲ್ಲವೇ ಅಲ್ಲ. ಅರವತ್ತು ವರ್ಷ ಕಳೆದರೆ ನಿರ್ಮಾಪಕನ ಹಕ್ಕೂ ಮುಗಿಯುತ್ತದೆ. 1965ರ ಚಿತ್ರಗಳದು 2025ರ ಕೊನೆಗೆ ಮುಗಿಯುವ ಲೆಕ್ಕ. ಆಮೇಲೆ ಲ್ಯಾಪ್‌ಟಾಪ್ ಇದ್ದ ಯಾರು ಬೇಕಾದರೂ ಸ್ವಯಂಚಾಲಿತ ತಂತ್ರಾಂಶಕ್ಕೆ ಹಾಕಿ ಒಂದು ರಾತ್ರಿಯಲ್ಲಿ ಬಣ್ಣ ಬರಿಸಬಹುದು. ಆ ತಂತ್ರಾಂಶಕ್ಕೆ ಗೊಂದಲವಾದಾಗಲೆಲ್ಲ ಅದು ಮೆತ್ತುವುದು ಒಂದೇ ಬಗೆಯ ಮಣ್ಣು ಕಂದು. ಮೂಲ ಪ್ರತಿಯೂ ಜೊತೆಗಿರಲಿ ಎಂಬ ಷರತ್ತು ಒಳ್ಳೆಯದೇ, ಆದರೆ ಅಂತರ್ಜಾಲದಲ್ಲಿ ಹುಡುಕಿದವರಿಗೆ ಮೊದಲು ಎದುರಾಗುವುದು ಬಣ್ಣದ್ದು. ಎರಡನೆಯದನ್ನು ಹುಡುಕುವವರು ನನ್ನಂಥ ನಾಲ್ಕು ಜನ.

ನನ್ನ ಸಹಪಾಠಿಯೊಬ್ಬ ಹೊಟ್ಟೆಪಾಡಿಗೆ ಇದೇ ಕೆಲಸಕ್ಕೆ ಹೋಗಿದ್ದ. ಪೌರಾಣಿಕ ಚಿತ್ರವೊಂದರಲ್ಲಿ ಅವನಿಗೆ ಬಂದ ಪಾಲು ಕಿವಿಯೋಲೆ ಮತ್ತು ಮೂಗುತಿ. ಆರು ತಿಂಗಳು ಬೆಳಗಿನಿಂದ ರಾತ್ರಿಯವರೆಗೆ ಅವನು ರಾಣಿಯ ಕಿವಿಯ ಸುತ್ತ ಗೆರೆ ಎಳೆದ. ಮೇಲಿನವರನ್ನು ಬಣ್ಣ ಯಾವುದು ಎಂದು ಕೇಳಿದ್ದಕ್ಕೆ, "ರಾಣಿಯಲ್ಲವೇ, ಚಿನ್ನ" ಎಂದರಂತೆ. ದೊಡ್ಡದು ಮಾಡಿ ನೋಡಿದರೆ ಓಲೆಯ ಮೇಲೆ ಬೇಗಡೆ ಕಾಗದದ ಸುಕ್ಕು ಕಾಣುತ್ತಿತ್ತು ಎಂದು ಅವನೇ ಹೇಳಿದ. ಕಪ್ಪು-ಬಿಳುಪಿನಲ್ಲಿ ಆ ಸುಕ್ಕು ಬೆಳಕು ಹಿಡಿದು ವಜ್ರದಂತೆ ಮಿಂಚುತ್ತಿತ್ತು. ಚಿನ್ನದ ಬಣ್ಣ ಹಚ್ಚಿದೊಡನೆ ಅದು ಬೇಗಡೆಯಾಯಿತು. ಹೋದ ವರ್ಷ ಅವನ ಮನೆಗೆ ಹೋಗಿದ್ದಾಗ ಟಿ.ವಿ.ಯಲ್ಲಿ ಅದೇ ಚಿತ್ರ ಬರುತ್ತಿತ್ತು, ಅವನ ತಾಯಿ ಅವರೆಕಾಳು ಹಿಸುಕುತ್ತ ನೋಡುತ್ತಿದ್ದರು. ರಾಣಿ ಮುಖ ತಿರುಗಿಸುವ ದೃಶ್ಯ ಬಂದಾಗ ಇವನು ರಿಮೋಟ್ ತೆಗೆದುಕೊಂಡು ಬಣ್ಣವನ್ನು ಸೊನ್ನೆಗೆ ಇಳಿಸಿದ. ತಾಯಿ ತಲೆಯೆತ್ತಿ, "ಯಾಕೋ, ಟಿ.ವಿ. ಕೆಟ್ಟುಹೋಯಿತೇ?" ಎಂದು ಕೇಳಿದರು.